ತನಗೆ ತಾನೇ ಜಾಮೀನು

ಇ-ಆಧಾರ್ ಡೌನ್‌ಲೋಡ್ ಮಾಡಿ ತೆರೆದವರಲ್ಲಿ ಬಹಳ ಮಂದಿ ಆ ಹಳದಿ ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡಿರುತ್ತಾರೆ. ಸರ್ಕಾರದ್ದೇ ಡಿಜಿಟಲ್ ಸಹಿ, ಆದರೂ ಅಡೋಬಿ ರೀಡರ್ ಅದನ್ನು ನಂಬಲು ತಯಾರಿಲ್ಲ. ಕಲಬುರಗಿಯ ಖೂಬಾ ಪ್ಲಾಟಿನ ಆಡಿಟರ್ ಒಬ್ಬರು ಕಮಲಾಪುರದ ಗಿರಾಕಿಗೆ ಲೆಕ್ಕಪತ್ರವನ್ನು ಗೂಢಲಿಪಿಯ ಇಮೇಲಿನಲ್ಲಿ ಕಳಿಸಲು ಹೊರಟರೂ ಇಂಥದೇ ತಕರಾರು ಏಳುತ್ತದೆ. ಪ್ರಮಾಣಪತ್ರವನ್ನು ಅವರೇ ತಯಾರಿಸಿಕೊಂಡಿದ್ದರಂತೂ ಕೇಳುವುದೇ ಬೇಡ.

ಇದರ ಬೇರು 1976ರಲ್ಲಿದೆ. ಬೀಗವನ್ನು ಊರಿಗೆಲ್ಲ ಹಂಚಿ ಕೀಲಿಕೈಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳಬಹುದು ಎಂದು ಡಿಫಿ ಮತ್ತು ಹೆಲ್‌ಮನ್ ಆ ವರ್ಷ ಬರೆದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಅದನ್ನು ಗಣಿತದಲ್ಲಿ ಸಾಧಿಸಿದರು. ಉಳಿದದ್ದು ಒಂದೇ ಪ್ರಶ್ನೆ: ಈ ಬೀಗ ನಿಜಕ್ಕೂ ಆ ಮನುಷ್ಯನದೇ? 1978ರಲ್ಲಿ ಎಂಐಟಿಯ ಲೋರೆನ್ ಕೋನ್‌ಫೆಲ್ಡರ್ ತಮ್ಮ ಪದವಿ ಪ್ರಬಂಧದಲ್ಲಿ ಉತ್ತರ ಕೊಟ್ಟರು: ನಂಬಿಕಸ್ಥ ಮೂರನೆಯವರು ಸಹಿ ಹಾಕಿದ ಪ್ರಮಾಣಪತ್ರ. ಇಡೀ ಇಂಟರ್‌ನೆಟ್ಟಿನ ನಂಬಿಕೆ ಒಬ್ಬ ವಿದ್ಯಾರ್ಥಿಯ ಪ್ರಬಂಧದ ಮೇಲೆ ನಿಂತಿದೆ ಎಂದರೂ ತೀರಾ ಉತ್ಪ್ರೇಕ್ಷೆಯಲ್ಲ. 1988ರಲ್ಲಿ ಅದಕ್ಕೆ ಎಕ್ಸ್.509 ಎಂಬ ಅಚ್ಚು ಸಿಕ್ಕಿತು, 1995ರಲ್ಲಿ ಇಮೇಲಿಗೆ ಎಸ್/ಮೈಮ್ ಎಂಬ ಗೂಢಲಿಪಿ ಪದ್ಧತಿ ಬಂತು. ಮೂರನೆಯವರ ಹಂಗೇ ಬೇಡ, ಬಲ್ಲವರೇ ಬಲ್ಲವರಿಗೆ ಸಾಕ್ಷಿ ಎಂದು ಫಿಲ್ ಜಿಮ್ಮರ್‌ಮನ್ 1991ರಲ್ಲೇ ಪಿಜಿಪಿ ಕೊಟ್ಟಿದ್ದರು. ಅದು ಬೇರೆ ಕಥೆ.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಪರವಾನಗಿ ನೀಡಲು ಒಬ್ಬ ನಿಯಂತ್ರಕರು ಬಂದರು. ಜಿಎಸ್‌ಟಿ, ಟೆಂಡರ್, ಕಂಪನಿ ಲೆಕ್ಕ ಎಂದು ನಮ್ಮ ಆಡಿಟರುಗಳು ಯುಎಸ್‌ಬಿಗೆ ಚುಚ್ಚುವ ಡಿಎಸ್‌ಸಿ ಟೋಕನ್ ಆ ಸಂಸ್ಥೆಗಳದು. ಸಂಸ್ಥೆಗಳಿಗೆ ಜಾಮೀನು ನಿಯಂತ್ರಕರ ಮೂಲ ಪ್ರಮಾಣಪತ್ರ. ಅದಕ್ಕೆ ಸಹಿ ಹಾಕಿದವರಾರು? ಅದೇ! ತನಗೆ ತಾನೇ. ನಂಬಿಕೆಯ ಸರಪಳಿ ಎಲ್ಲಾದರೂ ನಿಲ್ಲಲೇಬೇಕಲ್ಲ.

ಅಲ್ಲಿಗೆ ಆಡಿಟರು ಮನೆಯಲ್ಲೇ ಮಾಡಿಕೊಂಡ ಪ್ರಮಾಣಪತ್ರಕ್ಕೂ ದೆಹಲಿಯ ನಿಯಂತ್ರಕರದಕ್ಕೂ ಗಣಿತದಲ್ಲಿ ಭೇದವಿಲ್ಲ. ಕಾನೂನಿನಲ್ಲಿ ಇದೆ: ಮನೆಯದರಿಂದ ರಿಟರ್ನ್‌ಗೆ ಸಹಿ ಹಾಕಲಾಗದು. ಇನ್ನೊಂದು ಭೇದ, ದೆಹಲಿಯದನ್ನು ಮೈಕ್ರೋಸಾಫ್ಟ್ ತನ್ನ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿತ್ತು. ಆ ಪಟ್ಟಿಯೂ ದೇವರ ವಾಕ್ಯವಲ್ಲ. 2014ರ ಜುಲೈನಲ್ಲಿ ಸರ್ಕಾರದ್ದೇ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಅಧೀನ ಪ್ರಮಾಣಪತ್ರಗಳಿಂದ ಗೂಗಲ್ ಹೆಸರಿನ ನಕಲಿಗಳು ಹೊರಬಿದ್ದಾಗ ನಿಯಂತ್ರಕರು ಅವನ್ನು ರದ್ದುಪಡಿಸಿದರು. ಗೂಗಲ್ ಕ್ರೋಮ್ ಭಾರತದ ಮೂಲವನ್ನು gov.in, nic.in ಮೊದಲಾದ ಏಳೇ ಡೊಮೇನ್‌ಗಳಿಗೆ ಸೀಮಿತಗೊಳಿಸಿತು. ಮೊಜಿಲ್ಲಾಗೆ ಬಿಸಿ ತಟ್ಟಲಿಲ್ಲ, ಅದರ ಪಟ್ಟಿಯಲ್ಲಿ ಭಾರತದ ಮೂಲ ಇರಲೇ ಇಲ್ಲ.

ಹಾಗಾಗಿ ಮನೆಯ ಪ್ರಮಾಣಪತ್ರದ ಇಮೇಲ್ ಕೆಟ್ಟರೆ ಮೊದಲು ನೋಡಬೇಕಾದ್ದು ನಂಬಿಕೆಯ ಪಟ್ಟಿಯನ್ನೇ. ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದಲ್ಲಿ ಎದುರಿನವರ ಪ್ರಮಾಣಪತ್ರವನ್ನು ಸುಮ್ಮನೆ ಜನರ ಪಟ್ಟಿಗೆ ಸೇರಿಸಿದರೆ ಒಪ್ಪುವುದಿಲ್ಲ. ಅದಕ್ಕೆ ಸಹಿ ಹಾಕಿದ ಮೂಲವನ್ನು ‘ಅಥಾರಿಟೀಸ್’ ವಿಭಾಗಕ್ಕೆ ತಂದು, ಇಮೇಲಿಗೆ ನಂಬುತ್ತೇನೆಂದು ಗುರುತು ಹಾಕಬೇಕು. ಬಲ್ಲವರು ಮೊದಲು ತಮ್ಮದೇ ಮೂಲವೊಂದನ್ನು ಮಾಡಿ, ಅದರಿಂದ ಇಬ್ಬರಿಗೂ ಪ್ರಮಾಣಪತ್ರ ಕೊಡುವುದು ಇದಕ್ಕಾಗಿಯೇ. ಬಳಿಕ ಪ್ರಮಾಣಪತ್ರದೊಳಗಿನ ಇಮೇಲ್ ವಿಳಾಸ. ಒಂದಕ್ಷರ ತಪ್ಪಿದರೂ ತಂತ್ರಾಂಶ ‘ಇಂಥವರು ಗೊತ್ತಿಲ್ಲ’ ಎನ್ನುತ್ತದೆ. ಅವಧಿಯನ್ನೂ ನೋಡಿ.

ಇಷ್ಟಾದರೂ ಆ ಮೂಲ ಬಂದದ್ದು ಆಡಿಟರಿಂದಲೇ ಎಂಬುದಕ್ಕೇನು ಖಾತರಿ? ಕಮಲಾಪುರದಿಂದ ಒಂದು ಫೋನ್. ಪ್ರಮಾಣಪತ್ರದ ಬೆರಳಚ್ಚನ್ನು, ಅಂದರೆ ಆ ಉದ್ದನೆಯ ಅಂಕಿ-ಅಕ್ಷರಗಳ ಸಾಲನ್ನು, ಇಬ್ಬರೂ ಓದಿ ತಾಳೆ ನೋಡಬೇಕು. ಪರಿಚಿತ ದನಿಗಿಂತ ದೊಡ್ಡ ನಿಯಂತ್ರಕರು ಇಲ್ಲಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಸ ಪ್ರಮಾಣಪತ್ರ ಬಂದಿತೆಂದು ಹಳೆಯ ಕೀಲಿಯನ್ನು ಮಾತ್ರ ಅಳಿಸಬೇಡಿ. ಹಳೆಯ ಇಮೇಲುಗಳು ತೆರೆಯುವುದು ಅದರಿಂದಲೇ.