ಹೆಜ್ಜಾರ್ಲೆಗೆ ತವರಾದ ಊರು: ಕೊಕ್ಕರೆ ಬೆಳ್ಳೂರಿನ ಉಳಿವು ಹುಣಸೆ ಮರದಲ್ಲಿ

ಮದ್ದೂರು: ಪಕ್ಷಿ ವೀಕ್ಷಣೆಯೆಂದರೆ ಘಟ್ಟ-ಕಾಡುಗಳ ಹಾದಿ ಹಿಡಿಯಬೇಕೆಂಬ ಭಾವನೆ ಸಾಮಾನ್ಯ. ಆದರೆ ಕಬ್ಬು, ಭತ್ತದ ನಾಡಾದ ಮಂಡ್ಯ ಜಿಲ್ಲೆಯಲ್ಲಿ ಹಕ್ಕಿಗಳು ಜನವಸತಿಯ ನಡುವೆಯೇ ಸಂಸಾರ ಹೂಡುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಸಾಕ್ಷಿ.

ಶಿಂಷಾ ನದಿಗೆ ಸಮೀಪದ ಈ ಗ್ರಾಮದ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮರಿಗಳೊಂದಿಗೆ ಮುಂಗಾರಿನ ಹೊತ್ತಿಗೆ ಮರಳುವ ಇವು ಗ್ರಾಮಸ್ಥರ ಪಾಲಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಅಂಜಿ ಊರು ಸ್ಥಳಾಂತರಗೊಂಡಾಗ ಹಕ್ಕಿಗಳೂ ಹಿಂಬಾಲಿಸಿದವು ಎಂಬುದು ಹಿರಿಯರ ಮಾತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಮರ ಯಾರದು?

ಇಲ್ಲಿನ ಗೂಡುಗಳಿರುವ ಬಹುತೇಕ ಮರಗಳು ಖಾಸಗಿ ಸ್ವತ್ತು. ಗೂಡಿದ್ದಾಗ ಹುಣಸೆಹಣ್ಣು ಉದುರಿಸುವಂತಿಲ್ಲ. ಮಾಲೀಕರಿಗೆ ಆದಾಯ ನಷ್ಟ. ಇದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ನೀಡುವ ವ್ಯವಸ್ಥೆಯಿದೆ. ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಉತ್ತಮ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಸ್ಥಳೀಯರ ‘ಹೆಜ್ಜಾರ್ಲೆ ಬಳಗ’ ಆರೈಕೆ ಮಾಡುತ್ತ ಬಂದಿದೆ. ಮರವೊಂದು ಉರುಳಿದರೆ ಹತ್ತಾರು ಗೂಡುಗಳ ನೆಲೆ ತಪ್ಪಿದಂತೆ.

ಮರವಷ್ಟೇ ಸಾಲದು, ನೀರೂ ಶುದ್ಧವಿರಬೇಕು. ಹೆಜ್ಜಾರ್ಲೆಗಳು ಮದ್ದೂರು, ಮಳವಳ್ಳಿ ಸೀಮೆಯ ಕೆರೆಗಳ ಮೀನನ್ನೇ ನೆಚ್ಚಿವೆ. 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಉದರದಲ್ಲಿ ಜಂತುಹುಳುಗಳು ಪತ್ತೆಯಾದವು. ಕಲುಷಿತ ಕೆರೆಗಳ ಮೀನಿನ ಮೇಲೆ ಶಂಕೆ ಮೂಡಿತ್ತು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುನ್ನ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಬೇಕು. ಅಲ್ಲಿಂದ ಮಳವಳ್ಳಿ ಮಾರ್ಗವಾಗಿ ಶಿವನಸಮುದ್ರಕ್ಕೂ, ಇಲ್ಲವೇ ಮಂಡ್ಯ ಮಾರ್ಗವಾಗಿ ಶ್ರೀರಂಗಪಟ್ಟಣದ ರಂಗನತಿಟ್ಟಿಗೂ ಪ್ರಯಾಣ ಮುಂದುವರಿಸಬಹುದು. ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಜನವರಿಯಿಂದ ಏಪ್ರಿಲ್‌ವರೆಗೆ ಗೂಡು, ಮರಿಗಳನ್ನು ಕಾಣಲು ಸೂಕ್ತ ಕಾಲ. ಗ್ರಾಮದಲ್ಲಿ ಹಾರ್ನ್ ಮಾಡುವುದು, ಪಟಾಕಿ ಸಿಡಿಸುವುದು, ಮರದ ಬುಡದಲ್ಲಿ ಗುಂಪುಗೂಡುವುದು ಸಲ್ಲದು. ಬೆದರಿದ ತಾಯಿ ಹಕ್ಕಿ ಗೂಡು ಬಿಟ್ಟರೆ ಮೊಟ್ಟೆ, ಮರಿಗಳು ಬಿಸಿಲಿಗೆ, ಕಾಗೆ-ಹದ್ದುಗಳಿಗೆ ಈಡಾಗುತ್ತವೆ.