ಕತ್ತಿ ಕೊಳ್ಳುವಾಗ ಉಕ್ಕು ನೋಡಿ

ಮಳೆ ಬಿಟ್ಟು ಅಡಿಕೆ ಕೊಯ್ಲು ಸಮೀಪಿಸಿದಂತೆ ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಕತ್ತಿಗೆ ಗಿರಾಕಿ ಹೆಚ್ಚುತ್ತದೆ. ತೂಗುಹಾಕಿದ ಹೊಳೆಯುವ ಕತ್ತಿ ಕಣ್ಣಿಗೆ ಚೆಂದ. ಬಿದಿರಿನ ಗಂಟಿಗೆ ನಾಲ್ಕು ಪೆಟ್ಟು ಹಾಕಿದಾಗ ಬಾಯಿ ಮಡಚಿಕೊಂಡರೆ ಆ ಹೊಳಪಿನಿಂದೇನು ಪ್ರಯೋಜನ? ಮೊಂಡು ಕತ್ತಿ ಕೊಂಬೆಯಿಂದ ಜಾರಿ ಮೊಣಕಾಲಿಗೇ ಬಂದೀತು. ಆಳು ಸಿಗುವುದೇ ದುರ್ಲಭವಾದ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಉಕ್ಕಿನ ಗಡಸುತನ ಮುಖ್ಯವಾಗಿ ಅದರಲ್ಲಿರುವ ಇಂಗಾಲದಿಂದ ಬರುವಂಥದ್ದು. ಗೇಟು, ಕಿಟಕಿ ಸರಳುಗಳ ಮೆದು ಕಬ್ಬಿಣದಲ್ಲಿ ಇಂಗಾಲ ಸುಮಾರು ಶೇಕಡಾ 0.25ಕ್ಕಿಂತ ಕಡಿಮೆ; ಎಷ್ಟು ಕಾಯಿಸಿ ಅದ್ದಿದರೂ ಕತ್ತಿಗೆ ಬೇಕಾದ ಗಡಸು ಬಾರದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಶೇಕಡಾ 0.5ರಿಂದ 0.6ರಷ್ಟಿರುತ್ತದೆ. ನಮ್ಮ ಆಚಾರಿಗಳು ಹಳೆಯ ಪಟ್ಟಿಯನ್ನೇ ಹುಡುಕಿ ತರುವುದು ಇದಕ್ಕಾಗಿ. ಅದು ಪೆಟ್ಟನ್ನೂ ತಾಳುತ್ತದೆ, ಹರಿತವನ್ನೂ ಉಳಿಸಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕು ಇರುವುದುಂಟು. ಕುಲುಮೆಗೆ ಹಾಕುವ ಮೊದಲೇ ನೋಡಿಸಿಕೊಳ್ಳಬೇಕು. ಹಳೆಯ ಅರದ ಉಕ್ಕಿನಲ್ಲಿ ಇಂಗಾಲ ಇನ್ನೂ ಹೆಚ್ಚು. ಕಸಿ ಕಟ್ಟುವ ಚೂರಿಗೆ ಅದು ಒಳ್ಳೆಯದು, ಮರ ಕಡಿಯುವ ಕತ್ತಿಗೆ ಬೇಡ. ಬಾಯಿ ಚಕ್ಕೆ ಎದ್ದು ಹೋಗುತ್ತದೆ.

(ಅಂದ ಹಾಗೆ, ಭಾರತದ ಹೆಸರುವಾಸಿ ಉಕ್ಕನ್ನು ಪರದೇಶದವರು 'ವೂಟ್ಜ್' ಎಂದರಷ್ಟೆ. ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಹುಟ್ಟಿದ್ದೆಂದು ಹಲವು ವಿದ್ವಾಂಸರ ಮತ.)

ಉಕ್ಕು ಎಷ್ಟೇ ಉತ್ತಮವಿರಲಿ, ಹದ ತಪ್ಪಿದರೆ ಕೆಟ್ಟಿತು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಕತ್ತಿ ಪೆಡಸಾಗಿರುತ್ತದೆ. ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ ಪೆಡಸು ಇಳಿಸಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಆಗ ಮೊದಲು ಒಣಹುಲ್ಲಿನ ಬಣ್ಣ, ಅನಂತರ ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀಲಿ ಮೂಡುತ್ತದೆ. ಕಡಿಯುವ ಕತ್ತಿಯ ಬಾಯಿ ನೇರಳೆಯಲ್ಲಿ ನಿಂತು ಬೆನ್ನು ನೀಲಿಗೆ ಹೋದರೆ ಉತ್ತಮ. ಈ ಬಣ್ಣ ಬಲ್ಲ ಆಚಾರಿ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲವೆಂದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿ ಕೊಳ್ಳುವವರು ಅಂಗಡಿಯವರ ಒಪ್ಪಿಗೆ ಪಡೆದು, ಹೊಸ ಅರವೊಂದನ್ನು ಬಾಯಿಯ ಮೇಲೆ ಮೆಲ್ಲಗೆ ಎಳೆದು ನೋಡಬಹುದು. ಸಲೀಸಾಗಿ ಪುಡಿ ಉದುರಿದರೆ ಕತ್ತಿ ಮೆದು. ಅರ ಕಚ್ಚದೆ ಜಾರಿದರೆ ತೀರ ಪೆಡಸು. ಒತ್ತಿದಾಗ ಮಾತ್ರ ಕಷ್ಟದಿಂದ ಕಚ್ಚಿದರೆ ಕೊಳ್ಳಿರಿ.

ಹಸಿ ಅಡಿಕೆಯ ಚೊಗರು ತಾಗಿ ಕತ್ತಿ ಕಪ್ಪಾದರೆ ಗಾಬರಿ ಬೇಡ. ತೊಳೆದು ಒರಸಿ ತೆಂಗಿನೆಣ್ಣೆ ಸವರಿಟ್ಟರಾಯಿತು. ತುಕ್ಕಿಗೆ ಹೆದರಿ ತೆಳ್ಳನೆಯ ಸ್ಟೀಲ್ ಕತ್ತಿಗೆ ಮರುಳಾಗಬೇಡಿ, ಅದು ಅಡಿಗೆಮನೆಯಲ್ಲಿರಲಿ. ಮಸೆಯಲು ಕಲ್ಲೇ ವಾಸಿ. ಕರೆಂಟಿನ ಗ್ರೈಂಡರಿಗೆ ಒತ್ತಿ ಹಿಡಿದು ಬಾಯಿ ನೀಲಿಗಟ್ಟಿತೆಂದರೆ ಹದ ಹೋಯಿತು, ಮತ್ತೆ ಕುಲುಮೆಗೇ ಒಯ್ಯಬೇಕು.