ಗಳೆಯ ಉದ್ದ ಎಷ್ಟು?

ಹಳೇಬೀಡಿಗೆ ಬಂದವರ ಕಣ್ಣು ಮೊದಲು ಹೋಗುವುದು ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಆನೆಗಳ ಸಾಲಿಗೆ. ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ 1121ರ ಸುಮಾರಿಗೆ ಆರಂಭವಾದ ಈ ಗುಡಿ 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಂತೂ ಕ್ಯಾಮೆರಾಗಳ ಸಂಖ್ಯೆ ಹೆಚ್ಚಿದೆ. ಆದರೆ ಇಲ್ಲಿನ ಶಾಸನದ ಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಶಾಸನವೆಂದರೆ ರಾಜನ ಬಿರುದುಗಳ ಉದ್ದನೆಯ ಪಟ್ಟಿ ಎಂಬುದು ಬಹುಮಂದಿಯ ಭಾವನೆ. ಬಿರುದುಗಳು ಮುಗಿದ ಮೇಲೆ ಬರುವುದು ಲೆಕ್ಕ. ಯಾವ ದೇವರಿಗೆ ಎಷ್ಟು ಗದ್ಯಾಣ, ನಂದಾದೀಪದ ಎಣ್ಣೆಗೆ ಎಷ್ಟು ಪಣ, ಯಾವ ಕೆರೆಯ ಕೆಳಗೆ ಎಷ್ಟು ಖಂಡುಗ ಗದ್ದೆ ಎಂಬ ಲೆಕ್ಕ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ, ಅಂದರೆ ಹಾಸನ ಜಿಲ್ಲೆಯ ಸಂಪುಟದಲ್ಲಿ, ಇಂಥ ಲೆಕ್ಕಗಳು ಪುಟಪುಟದಲ್ಲೂ ಸಿಗುತ್ತವೆ.

ಈ ಲೆಕ್ಕಗಳನ್ನು ಓದುವವರಿಗೆ ಒಂದು ತೊಡಕು ಎದುರಾಗುತ್ತದೆ. ಅಳತೆಯ ಹೆಸರು ಗೊತ್ತು, ಗಾತ್ರ ಗೊತ್ತಿಲ್ಲ. ಇದೇ ತೊಡಕು ಎಂಟುನೂರು ವರ್ಷಗಳ ನಂತರ ಕಂಪ್ಯೂಟರಿನ ಹೊಟ್ಟೆಯೊಳಗೆ ಮತ್ತೆ ಹುಟ್ಟಿತು. ಆಪರೇಟಿಂಗ್ ಸಿಸ್ಟಂ ಬರೆಯುವವರು ಉಳಿದೆಲ್ಲ ಕೆಲಸಕ್ಕಿಂತ ಮೊದಲು ‘ಸಂಖ್ಯೆ ಎಂದರೆ ಎಷ್ಟು ಉದ್ದದ ಸಂಖ್ಯೆ’ ಎಂದು ಬರೆದಿಡಬೇಕಾದದ್ದು ಇದೇ ಕಾರಣಕ್ಕೆ.

ಹಣದ ವಿಷಯದಲ್ಲಿ ಹೊಯ್ಸಳರ ಲೆಕ್ಕ ಸಾಕಷ್ಟು ಸ್ಪಷ್ಟ. ಗದ್ಯಾಣಕ್ಕೆ ಹತ್ತು ಪಣ, ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಧಾನ್ಯಕ್ಕೆ ಬಂದರೆ ಖಂಡುಗಕ್ಕೆ ಇಪ್ಪತ್ತು ಕೊಳಗ. ಆದರೆ ಕೊಳಗ ಎಷ್ಟು ದೊಡ್ಡದು? ಅದು ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ಅಲ್ಲಿನ ಅಳತೆಗಳನ್ನು ಹೊಸದಾಗಿ ಗುರುತು ಹಾಕಿಕೊಳ್ಳಬೇಕಾಯಿತು. ಇನ್ನೊಂದು ಗೋಜಲೆಂದರೆ, ಖಂಡುಗ ಧಾನ್ಯದ ಅಳತೆಯೂ ಹೌದು, ಭೂಮಿಯ ಅಳತೆಯೂ ಹೌದು. ಒಂದು ಖಂಡುಗ ಬೀಜ ಬೀಳುವಷ್ಟು ನೆಲ ಒಂದು ಖಂಡುಗ ನೆಲ. ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ.

ಶಾಸನ ಬರೆಸಿದವರಿಗೆ ಇದು ತಿಳಿಯದೆ ಇರಲಿಲ್ಲ. ಆದ್ದರಿಂದಲೇ ಭೂಮಿಯ ದತ್ತಿ ಹೇಳುವಾಗ ಅನೇಕ ಕಡೆ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಹೇಳಿದರು. ಇಂತಿಷ್ಟು ಗೇಣಿನ ಗಳೆ, ಇಂಥ ಹೆಸರಿನ ಗಳೆ ಎಂದು ಕೆತ್ತಿಸಿದರು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ಇದೆ. ಆ ಸೀಮೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯ ಮಾತು ಬರುತ್ತದೆ. ತಮಿಳುನಾಡಿನ ಕೆಲವು ದೇವಾಲಯಗಳ ಗೋಡೆಯ ಮೇಲಂತೂ ಅಳತೆಕೋಲಿನ ಉದ್ದವನ್ನೇ ಗೆರೆ ಎಳೆದು ಕೆತ್ತಿದ್ದಾರೆ. ತಕರಾರು ಬಂದರೆ ಕೋಲನ್ನು ತಂದು ಗೋಡೆಗೆ ಹಿಡಿದು ನೋಡಬಹುದು.

ಇದೆಲ್ಲ ಹಳೆಯ ಕಾಲದ ಮಾತಾಯಿತು ಎನ್ನುವಂತಿಲ್ಲ. ಕರ್ನಾಟಕದ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಎಕರೆ, ಗುಂಟೆ, ಆಣೆಗಳಲ್ಲಿದೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ‘2-20’ ಎಂದಿದ್ದರೆ ರೈತನಿಗೆ ಅದು ಎರಡೂವರೆ ಎಕರೆ. ಅದನ್ನೇ ದಶಮಾಂಶ ಎಂದು ತಿಳಿದ ಯಂತ್ರಕ್ಕೆ ಎರಡು ಎಕರೆ ಎಂಟು ಗುಂಟೆ. ಅಂಕಿ ಒಂದೇ, ಜಾತಿ ಬೇರೆ. ಕಂಪ್ಯೂಟರ್ ಶಾಸ್ತ್ರದಲ್ಲಿ ‘ಡೇಟಾ ಟೈಪ್’ ಎನ್ನುವುದು ಈ ಜಾತಿಗೇ.

ಕಂಪ್ಯೂಟರಿನೊಳಗೆ ಇರುವುದು ಸೊನ್ನೆ ಅಥವಾ ಒಂದನ್ನು ಹಿಡಿಯುವ ಮನೆಗಳು. ಒಂದು ಮನೆಗೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇದೂ ಸ್ವಯಂಸಿದ್ಧವಾಗಿ ಬಂದದ್ದಲ್ಲ. ಒಂದು ಅಕ್ಷರಕ್ಕೆ ಆರು ಬಿಟ್ ಬಳಸುತ್ತಿದ್ದ ಯಂತ್ರಗಳಿದ್ದವು. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಯಂತ್ರಗಳಿಗೆ ಎಂಟು ಬಿಟ್ ಎಂದು ಗೊತ್ತುಮಾಡಿದ ಮೇಲೆ ಅದು ರೂಢಿಗೆ ಬಂತು. ಎಂಟು ಮನೆಯಲ್ಲಿ 0ಯಿಂದ 255ರವರೆಗೆ ಬರೆಯಬಹುದು. ಹದಿನಾರು ಮನೆಯಾದರೆ 65,535ರವರೆಗೆ. ಒಂದು ಮನೆಯನ್ನು ಋಣ ಚಿಹ್ನೆಗೆ ಬಿಟ್ಟುಕೊಟ್ಟರೆ ಮೇಲಿನ ಮಿತಿ 32,767ಕ್ಕೆ ಇಳಿಯುತ್ತದೆ. (ಅರೆ, ಕಾಲು, ಅರೆಕಾಲು, ವೀಸ ಎಂದು ಪ್ರತಿ ಸಲ ಎರಡು ಭಾಗ ಮಾಡುತ್ತಾ ಹೋದ ನಮ್ಮ ಶಾನುಭೋಗರಿಗೆ ಈ ಗಣಿತ ಕಷ್ಟವಾಗುತ್ತಿರಲಿಲ್ಲ.)

ಆಪರೇಟಿಂಗ್ ಸಿಸ್ಟಂನ ತಿರುಳು ಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಒಂದು ಕಡೆ ಡಿಸ್ಕ್, ಮೆಮೊರಿಗಳಂಥ ಯಂತ್ರಭಾಗಗಳು, ಇನ್ನೊಂದು ಕಡೆ ನಾವು ಬಳಸುವ ಪ್ರೋಗ್ರಾಂಗಳು. ನಡುವೆ ಕುಳಿತು ಎರಡೂ ಕಡೆಯವರಿಗೆ ಅಳೆದು ಕೊಡುವ ಪಾರುಪತ್ಯಗಾರ ಈ ಕರ್ನೆಲ್. ಯುನಿಕ್ಸ್, ಲಿನಕ್ಸ್‌ಗಳ ಕರ್ನೆಲ್ ಬರೆದಿರುವುದು ಬಹುಪಾಲು ‘ಸಿ’ ಭಾಷೆಯಲ್ಲಿ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆಯಲ್ಲಿ ಪೂರ್ಣಾಂಕಕ್ಕೆ ‘ಇಂಟ್’ ಎಂಬ ಮಾತಿದೆ. ಆದರೆ ಇಂಟ್ ಎಷ್ಟು ಬಿಟ್ ಎಂಬುದನ್ನು ಆಯಾ ಯಂತ್ರಕ್ಕೇ ಬಿಟ್ಟರು. ಪಿಡಿಪಿ-11 ಯಂತ್ರದಲ್ಲಿ ಅದು 16 ಬಿಟ್, ಮುಂದೆ ಬಂದ ವ್ಯಾಕ್ಸ್ ಯಂತ್ರದಲ್ಲಿ 32. ‘ಲಾಂಗ್’ ಎಂಬ ಇನ್ನೊಂದು ಅಳತೆ 64 ಬಿಟ್‌ನ ಲಿನಕ್ಸ್‌ನಲ್ಲಿ 64 ಬಿಟ್, 64 ಬಿಟ್‌ನ ವಿಂಡೋಸ್‌ನಲ್ಲಿ ಈಗಲೂ 32. ಊರಿಗೊಂದು ಕೊಳಗ ಎಂದರೆ ಇದೇ.

ಒಂದೇ ಯಂತ್ರದೊಳಗೆ ವ್ಯವಹರಿಸುವವರೆಗೆ ಇದರಿಂದ ತೊಂದರೆಯಿಲ್ಲ. ಡಿಸ್ಕಿನ ಮೇಲೆ ಬರೆದದ್ದನ್ನು ಇನ್ನೊಂದು ಯಂತ್ರ ಓದಬೇಕಾದಾಗ, ತಂತಿಯ ಮೇಲೆ ಕಳಿಸಿದ್ದು ದೂರದ ಊರಿನಲ್ಲಿ ಇಳಿದಾಗ ತಕರಾರು ಶುರು. ಒಬ್ಬ ಕಳಿಸಿದ್ದು ನಾಲ್ಕು ಬೈಟ್, ಇನ್ನೊಬ್ಬ ಎಣಿಸಿಕೊಂಡದ್ದು ಎಂಟು. ಅದಕ್ಕೇ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್‌ನಲ್ಲಿ ಗಾತ್ರವನ್ನು ಹೆಸರಿನಲ್ಲೇ ಹೇಳುವ ಅಳತೆಗಳಿವೆ: ಯು8, ಯು16, ಯು32, ಯು64. ‘ಯು’ ಎಂದರೆ ಋಣ ಚಿಹ್ನೆ ಇಲ್ಲದ್ದು, ‘ಎಸ್’ ಎಂದಿದ್ದರೆ ಇರುವಂಥದ್ದು. ಯು32 ಎಲ್ಲಿ ಹೋದರೂ 32 ಬಿಟ್. 429 ಕೋಟಿ 49 ಲಕ್ಷ 67 ಸಾವಿರದ 295ರವರೆಗೆ ಹಿಡಿಯುತ್ತದೆ. ‘ಇಂತಿಷ್ಟು ಗೇಣಿನ ಗಳೆ’ ಎಂದು ಕೆತ್ತಿಸಿದ ಹಾಗೆಯೇ. ಸಿ ಭಾಷೆಯ ಪ್ರಮಾಣಗ್ರಂಥಕ್ಕೆ ಇಂಥ ಹೆಸರುಗಳು ಅಧಿಕೃತವಾಗಿ ಸೇರಿದ್ದು 1999ರಲ್ಲಿ.

ಗಾತ್ರ ತಪ್ಪಿದರೆ ಏನಾದೀತು? 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿಗೆ ಛಿದ್ರವಾಯಿತು. ಹಳೆಯ ಏರಿಯಾನ್-4ಕ್ಕೆಂದು ಬರೆದ ಪ್ರೋಗ್ರಾಂ, 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ತುಂಬಲು ಹೋಗಿತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚು, ಸಂಖ್ಯೆ 32,767ನ್ನು ದಾಟಿತು. ಕೊಳಗ ತುಂಬಿ ಚೆಲ್ಲಿತು.

ಕಾಲದ ಅಳತೆಯ ಕಥೆ ಇನ್ನೂ ಸ್ವಾರಸ್ಯದ್ದು. ಅರವತ್ತು ಸಂವತ್ಸರಗಳ ಚಕ್ರ ಎಲ್ಲರಿಗೂ ಗೊತ್ತು. ಪ್ರಭವದಿಂದ ಅಕ್ಷಯದವರೆಗೆ ಎಣಿಸಿ ಮತ್ತೆ ಪ್ರಭವಕ್ಕೇ ಬರುವುದು. ಅರವತ್ತರ ಮೇಲೆ ಹಿಡಿಯಲಾರದ ಎಣಿಕೆ ಇದು. ಅನೇಕ ವೀರಗಲ್ಲುಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇದೆ. ಯಾವ ಸುತ್ತಿನದು ಎಂದು ಹೇಳಲು ವಿದ್ವಾಂಸರು ಲಿಪಿಯ ಲಕ್ಷಣ ನೋಡಬೇಕು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯನ್ನು ದಾಖಲಿಸಿದವರು ಜಾಣರು. ಹೇವಿಳಂಬಿ ಸಂವತ್ಸರ ಎಂದಷ್ಟೇ ಹೇಳದೆ ಶಕವರ್ಷ 1039 ಎಂದೂ ಕೆತ್ತಿಸಿದರು. ಅದರಿಂದಲೇ ಅದು 1117 ಎಂದು ಖಚಿತವಾಗಿ ಹೇಳಬಹುದು. ಹೇವಿಳಂಬಿ 2017ರ ಯುಗಾದಿಗೆ ಮತ್ತೆ ಬಂದು ಹೋಯಿತು, ಸರಿಯಾಗಿ ಹದಿನೈದು ಸುತ್ತು ಮುಗಿಸಿ.

ಯುನಿಕ್ಸ್ ಸಂಪ್ರದಾಯದ ಕರ್ನೆಲ್‌ಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಬಹುಕಾಲ ಇದಕ್ಕೆ ಕೊಟ್ಟ ಜಾಗ ಋಣ ಚಿಹ್ನೆ ಸಹಿತ 32 ಬಿಟ್. ಅದು ಹಿಡಿಯುವುದು 214 ಕೋಟಿ 74 ಲಕ್ಷ 83 ಸಾವಿರದ 647 ಸೆಕೆಂಡುಗಳನ್ನು. ಆ ಎಣಿಕೆ ತುಂಬುವುದು ಭಾರತೀಯ ಕಾಲಮಾನದಂತೆ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ನಮ್ಮ ಲೆಕ್ಕದಲ್ಲಿ ಪಿಂಗಳ ಸಂವತ್ಸರ. ಮರುಕ್ಷಣ ಅಂಥ ಯಂತ್ರಕ್ಕೆ 1901ರ ಡಿಸೆಂಬರ್ ತಿಂಗಳು. ಹಾಸನದ ಶಾಸನ ಸಂಪುಟ ಇನ್ನೂ ಹೊರಬಂದೇ ಇರದ ಕಾಲ!

ಜಾಗವನ್ನು 64 ಬಿಟ್‌ಗೆ ಹಿಗ್ಗಿಸಿದರೆ ಮುಗಿಯಿತಲ್ಲ ಎನ್ನಬಹುದು. ಹಾಗೆ ಹಿಗ್ಗಿಸಿದರೆ ಸುಮಾರು 29,200 ಕೋಟಿ ವರ್ಷಗಳಿಗೆ ಸಾಕು. ಆದರೆ ಕರ್ನೆಲ್ ಮತ್ತು ಪ್ರೋಗ್ರಾಂಗಳ ನಡುವೆ ಗಾತ್ರದ ಒಂದು ಕರಾರು ಆಗಲೇ ಆಗಿಹೋಗಿದೆ. ರಾತ್ರೋರಾತ್ರಿ ಕೊಳಗವನ್ನು ದೊಡ್ಡದು ಮಾಡಿದರೆ ಹಳೆಯ ಗೇಣಿ ಕರಾರುಗಳ ಗತಿ ಏನು? ಆದ್ದರಿಂದ ಆರ್ಂಡ್ ಬರ್ಗ್‌ಮನ್ ಮತ್ತಿತರರು ಹಳೆಯ ಅಳತೆಯನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಹೊಸ ಅಳತೆಯನ್ನೂ ಅದನ್ನು ಕೇಳುವ ಹೊಸ ಕರೆಗಳನ್ನೂ ಇಟ್ಟರು. ವರ್ಷಗಟ್ಟಲೆ ಹಿಡಿದ ಈ ಕೆಲಸ 32 ಬಿಟ್ ಯಂತ್ರಗಳ ಮಟ್ಟಿಗೆ ಒಂದು ಹಂತ ಮುಟ್ಟಿದ್ದು 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಲ್ಲಿ. ಅದಕ್ಕೂ ಮುಂಚಿನ ಕರ್ನೆಲ್ ಹೊತ್ತು ಗೋಡೆಯಲ್ಲೋ ಕಾರ್ಖಾನೆಯಲ್ಲೋ ಕೂತಿರುವ ಪುಟ್ಟ ಯಂತ್ರಗಳನ್ನು ಯಾರಾದರೂ ಹುಡುಕಿ ಬದಲಿಸಬೇಕು.

ಕನ್ನಡ ಬರೆಯುವವರಿಗೆ ಈ ಅಳತೆ ಇನ್ನೊಂದು ಕಡೆ ತಾಗುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಒಂದು ಕಡತದ ಹೆಸರಿಗೆ ಮಿತಿ 255 ಬೈಟ್. ಕರ್ನೆಲ್ ಇಲ್ಲಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಅಕ್ಷರವೊಂದಕ್ಕೆ ಒಂದು ಬೈಟ್. ಕನ್ನಡದ ಪ್ರತಿಯೊಂದು ವ್ಯಂಜನಕ್ಕೆ, ಗುಣಿತದ ಚಿಹ್ನೆಗೆ, ಒತ್ತಿಗೆ ಬೇಕಾಗುವ ಹಲಂತಕ್ಕೆ ಮೂರು ಮೂರು. ಹಳೇಬೀಡು ಎಂದು ರೋಮನ್ ಲಿಪಿಯಲ್ಲಿ ಬರೆದರೆ 8 ಬೈಟ್, ಕನ್ನಡದಲ್ಲಿ 21. ಹೊಯ್ಸಳೇಶ್ವರನಿಗೆ 33. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ಇಂಗ್ಲಿಷಿನವನಿಗೆ 255 ಅಕ್ಷರಗಳ ಹೆಸರು ಸಿಕ್ಕರೆ ಕನ್ನಡಿಗನಿಗೆ ಸಿಗುವುದು ಹೆಚ್ಚೆಂದರೆ 85 ಚಿಹ್ನೆಗಳದ್ದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೇರೆ ಕೊಳಗದಿಂದ ಅಳೆಯುವುದರಿಂದ ಅಲ್ಲಿ 255 ಚಿಹ್ನೆಗಳೂ ಹಿಡಿಯುತ್ತವೆ. ಅಲ್ಲಿ ಉದ್ದನೆಯ ಕನ್ನಡ ಹೆಸರಿಟ್ಟು ಉಳಿಸಿದ ಕಡತವನ್ನು ಲಿನಕ್ಸ್ ಯಂತ್ರಕ್ಕೆ ನಕಲು ಮಾಡಹೋದರೆ ‘ಹೆಸರು ಬಹಳ ಉದ್ದವಾಯಿತು’ ಎಂಬ ದೂರು ಬರುವುದು ಇದರಿಂದಲೇ.